ಗಿಣ್ಣು ಹಾಲು ವಾಪಸ್ ಹೋದ ಸಂಜೆ

ಮೊಮ್ಮಗಳು ವೆಟರ್ನರಿ ಡಾಕ್ಟರ್ ಆಗಿ ಹೊರಬಂದ ವರ್ಷ ನಾನು ಮುಂಬಯಿ ಹತ್ತಿರದ ಕಲ್ಯಾಣದ ಎಮ್ಮೆ ತಬೇಲಾಗಳಲ್ಲಿ, ಆ ದೊಡ್ಡ ಕೊಟ್ಟಿಗೆಗಳಲ್ಲಿ, ಕುಳಿತಷ್ಟು ಹೊತ್ತು ಯಾವ ದೇವಸ್ಥಾನದಲ್ಲೂ ಕುಳಿತವಳಲ್ಲ. ಹೋದಲ್ಲೆಲ್ಲ ಯಾರಾದರೊಬ್ಬರು ಪ್ಲಾಸ್ಟಿಕ್ ಕುರ್ಚಿ ತಂದು, ಹೆಗಲ ಮೇಲಿನ ಗಮ್ಛಾದಲ್ಲಿ ಒರೆಸಿ, "ಬೈಠಿಯೇ ಮಾತಾಜಿ" ಎನ್ನುತ್ತಿದ್ದರು. ಸೆರಗನ್ನು ಮೂಗಿಗೆ ಹಿಡಿಯಬಾರದು, ದಟ್ ಈಸ್ ಬ್ಯಾಡ್ ಮ್ಯಾನರ್ಸ್ ಎಂದು ನನಗೆ ನಾನೇ ಹೇಳಿಕೊಳ್ಳುತ್ತ ಕುಳಿತುಕೊಳ್ಳುತ್ತಿದ್ದೆ. ಸೆಗಣಿ, ಹಿಂಡಿ, ಹುಳಿ ಹುಲ್ಲು, ಗಟಾರದ ನೀರು. ವಾಸನೆ ಸೀರೆಗೆ ಹತ್ತಿದರೆ ಎರಡು ಸಲ ಒಗೆದರೂ ಹೋಗುತ್ತಿರಲಿಲ್ಲ.

ನನ್ನನ್ನು ಅಲ್ಲಿಗೆ ಅಟ್ಟಿದವಳು ನನ್ನ ಮಗಳು, ಅಂದರೆ ಆ ಹುಡುಗಿಯ ತಾಯಿ. ಬ್ಯಾಂಕಿನಲ್ಲಿ ಆಫೀಸರ್. ಅಳಿಯ ಪನ್ವೇಲ್ ಹತ್ತಿರ ಹೋಟೆಲು ನೋಡಿಕೊಂಡು ವಾರಕ್ಕೊಮ್ಮೆ ಮನೆಗೆ ಬರುವವನು. ಹಾಗಾಗಿ ಡೊಂಬಿವಲಿಯ ಫ್ಲಾಟಿನಲ್ಲಿ ದಿನದ ತೀರ್ಮಾನಗಳೆಲ್ಲ ಅವಳದ್ದೇ.

"ಅಮ್ಮ, ಅಲ್ಲಿ ಇಪ್ಪತ್ನಾಲ್ಕು ಗಂಟೆಯೂ ಬರೀ ಗಂಡಸರು. ಇವಳೊಬ್ಬಳನ್ನೇ ಹೇಗೆ ಕಳಿಸುದು? ನೀವು ಒಟ್ಟಿಗೆ ಹೋಗಿ."

"ನಾನು ಹೋಗಿ ಎಂತ ಮಾಡ್ಲಿಕ್ಕುಂಟು ಮಾರಾಯ್ತಿ? ಎಮ್ಮೆಯ ಪಲ್ಸ್ ನೋಡುದಾ?"

"ಎಂತ ಮಾಡುದೂ ಬೇಡ. ಸುಮ್ಮನೆ ಕೂತ್ಕೊಳ್ಳಿ. ಬಿಳಿ ಕೂದಲು ಕಂಡ್ರೆ ಸಾಕು."

ಮಂಗಳೂರಿನ ಕಾನ್ವೆಂಟಿನಲ್ಲಿ ನಾವು ಹುಡುಗಿಯರು ಕಾಯರ್ ಕಾಂಪಿಟೀಶನ್ನಿಗೆ ಹೋಗುವಾಗ ಸಿಸ್ಟರ್ ಒಬ್ಬರು ಶ್ಯಾಪರೋನ್ ಆಗಿ, ಅಂದರೆ ಕಾವಲಿಗೆ, ಬರುತ್ತಿದ್ದರು. ಎಪ್ಪತ್ತು ದಾಟಿದ ಮೇಲೆ ಆ ಪದವಿ ನನಗೆ ಸಿಕ್ಕಿತು, ಅದೂ ಎಮ್ಮೆಗಳ ನಡುವೆ.

ಮನೆಯಲ್ಲಿ ಯಾರಿಗೂ ಈ ದಾರಿ ಮೊದಲಿಂದ ಮೆಚ್ಚುಗೆಯಾಗಿರಲಿಲ್ಲ. ಎಂಬಿಬಿಎಸ್ ಸೀಟು ಸ್ವಲ್ಪದರಲ್ಲಿ ತಪ್ಪಿದಾಗ ಹುಡುಗಿಗೆ ವೆಟರ್ನರಿ ಸೀಟು ಸಿಕ್ಕಿತು. "ಸದ್ಯಕ್ಕೆ ಸೇರಿಕೊಳ್ಳಲಿ, ಬರುವ ವರ್ಷ ಪುನಃ ಬರೆದರಾಯ್ತು" ಎಂದು ಸೇರಿಸಿದೆವು. ಬರುವ ವರ್ಷ ಅವಳು ಬರೆಯಲಿಲ್ಲ. ನೆಂಟರ ಮದುವೆಗಳಲ್ಲಿ "ಮಗಳು ಡಾಕ್ಟ್ರಾ?" ಎಂದು ಕೇಳಿದವರಿಗೆ ನನ್ನ ಮಗಳು "ಹೌದು" ಎಂದಷ್ಟೇ ಹೇಳಿ ಊಟದ ಪಂಕ್ತಿಯತ್ತ ಕೈ ತೋರಿಸುತ್ತಿದ್ದಳು.

ಒಟ್ಟಿಗೆ ಪಾಸಾದವರು ಒಬ್ಬೊಬ್ಬರು ಒಂದೊಂದು ಕಡೆ ಹಿಡಿದರು. ಒಬ್ಬ ಕೋಳಿ ಕಂಪೆನಿಗೆ ಹೋದ. ಒಬ್ಬಳು ಸರ್ಕಾರಿ ಪರೀಕ್ಷೆಗೆ ಓದುತ್ತ ಕೂತಳು. ನಮ್ಮವಳ ಬೆಸ್ಟ್ ಫ್ರೆಂಡ್ ಆಗಿದ್ದ ಹುಡುಗಿ ಪ್ರಾಣಿಗಳನ್ನೇ ಬಿಟ್ಟು ಔಷಧ ಮಾರುವ ಕೆಲಸಕ್ಕೆ ಸೇರಿದಳು. ಹೆಚ್ಚಿನವರು ನಾಯಿ ಬೆಕ್ಕುಗಳ ಕ್ಲಿನಿಕ್ಕಿಗೆ. ನಮ್ಮವಳಿಗೂ ಐರೋಲಿಯಲ್ಲಿ ಅಂಥದ್ದೊಂದು ಸೀಟು ಕಾದಿತ್ತು, ನನ್ನ ಮಗಳ ಪರಿಚಯದವರದ್ದು. ಗಾಜಿನ ಬಾಗಿಲು, ಏಸಿ, ಐಟಿ ಪಾರ್ಕಿನವರ ಲ್ಯಾಬ್ರಡಾರುಗಳು. ಯಾರ ಹತ್ತಿರವಾದರೂ ಹೇಳಿಕೊಳ್ಳಬಹುದಾದ ಕೆಲಸ. ಅವಳು ಮಾತ್ರ "ನನಗೆ ದೊಡ್ಡ ಪ್ರಾಣಿನೇ ಬೇಕು" ಎಂದಳು. ಇಂಟರ್ನ್‌ಶಿಪ್ಪಿನಲ್ಲಿ ಒಮ್ಮೆ ಎಮ್ಮೆಯ ಹೊಟ್ಟೆಯೊಳಗೆ ಕೈ ಹಾಕಿದಾಗ ಇನ್ನೂ ಹುಟ್ಟದ ಕರು ಅವಳ ಬೆರಳನ್ನು ಚೀಪಿತಂತೆ. "ಅಮ್ಮಮ್ಮ, ಅಂದರ್ ಸೇ! ಒಳಗಿಂದ್ಲೇ ಚೀಪ್ತಾ ಇತ್ತು!" ಎಂದು ಊಟದ ಟೇಬಲ್ಲಿನಲ್ಲಿ ಬೆರಳು ಎತ್ತಿ ತೋರಿಸಿದಳು. ಅವಳ ತಾಯಿ ತಟ್ಟೆ ಸರಿಸಿ ಎದ್ದುಹೋದಳು.

ಅವಳನ್ನು ಅಸಿಸ್ಟೆಂಟ್ ಆಗಿ ಇಟ್ಟುಕೊಂಡವರು ಕಲ್ಯಾಣದ ಹಿರಿಯ ಡಾಕ್ಟರು. ವಿಜಾಪುರದ ಕಡೆಯವರು; ಶಹಾಡಿನಿಂದ ಖಾಡಿಯ ಹಿನ್ನೀರಿನ ದಂಡೆಯವರೆಗಿನ ತಬೇಲಾಗಳಿಗೆಲ್ಲ ಅವರೇ ಡಾಕ್ಟರು. ಭುಜ ನೋಯಲು ಶುರುವಾಗಿತ್ತು, ಒಂದು ಕೈ ಬೇಕಾಗಿತ್ತು. ನನ್ನನ್ನು ಮೊದಲ ದಿನ ನೋಡಿ ಜೋರಾಗಿ ನಕ್ಕರು.

"ಏನ್ರೀ ತಾಯಿ, ನಾ ಒಬ್ಬಾಕಿನ್ನ ಕರದ್ರ ಇಬ್ರು ಬಂದೀರಿ! ಪಗಾರ ಒಂದs ನೋಡ್ರಿ ಮತ್ತ."

"ನನಗೆ ಚಹಾ ಸಾಕು ಡಾಕ್ಟ್ರೇ."

"ಚಹಾಕ್ಕೇನ್ ಕಡಿಮಿ? ಹಾಲಿನ ಊರಾಗs ಕುಂತೀರಿ."

ತೊಂದರೆ ಬಂದದ್ದು ನನ್ನ ಬಿಳಿ ಕೂದಲಿನಿಂದಲೇ. ಹಿರಿಯ ಡಾಕ್ಟರು ನಮ್ಮಿಬ್ಬರನ್ನೇ ಕಳಿಸಿದ ದಿನಗಳಲ್ಲಿ ತಬೇಲಾದವರು ನಾನೇ ದೊಡ್ಡ ಡಾಕ್ಟರ್ ಎಂದುಕೊಂಡು ಎಮ್ಮೆಯ ಕೆಮ್ಮು, ಭೇದಿ, ಬಾವು ಎಲ್ಲ ನನ್ನ ಹತ್ತಿರ ಹೇಳುತ್ತಿದ್ದರು. ಎಲ್ಲಕ್ಕಿಂತ ದೊಡ್ಡ ತಬೇಲಾದ ಸೇಠ್‌ಗೆ ಮೂರು ಸಲ ಬಿಡಿಸಿ ಹೇಳಿದ್ದೆ: "ಡಾಕ್ಟರ್ ವೋ ಹೈ, ಮೈ ನಹೀಂ." ಅವನು ಉತ್ತರಪ್ರದೇಶದ ಮುದುಕ, ಬಹಳ ಮರ್ಯಾದಸ್ಥ. "ಹಾಂ ಹಾಂ ಮಾತಾಜಿ, ಬೇಬಿ ಭೀ ದೇಖ್ ಲೇಗಿ" ಎಂದ. ಬೇಬಿಯೂ ನೋಡಲಿ, ಪಾಪ, ಎನ್ನುವ ಹಾಗೆ. ಬೇಬಿ ಬಕೆಟ್ಟಿನಲ್ಲಿ ಕೈ ತೊಳೆಯುತ್ತಿದ್ದವಳು ತಲೆ ಎತ್ತಲಿಲ್ಲ. ಅವಳ ಕಿವಿ ಕೆಂಪಾದದ್ದು ನನಗೆ ಕಂಡಿತು.

ಬೇಬಿ ಎನ್ನುವುದು ನಿಂತದ್ದು ಆ ಸೇಠ್‌ನದೇ ಒಂದು ಎಮ್ಮೆ ಕರು ಹಾಕುವ ದಿನ.

ಬೆಳಿಗ್ಗೆಯಿಂದ ಬೇನೆ ತಿನ್ನುತ್ತಿತ್ತು, ಕರು ಬರುತ್ತಿರಲಿಲ್ಲ. ಹಿರಿಯ ಡಾಕ್ಟರು ಕೈ ಹಾಕಿ ನೋಡಿ, ಭುಜ ಹಿಡಿದುಕೊಂಡು ಹಿಂದೆ ಸರಿದರು. ಕರುವಿನ ಕುತ್ತಿಗೆ ಹಿಂದಕ್ಕೆ ಹೊರಳಿ ಸಿಕ್ಕಿಕೊಂಡಿದೆ, ಒಳಗೆ ತಳ್ಳಿ ತಿರುಗಿಸಬೇಕು. "ನನ್ನ ಕೈಲೇ ಆಗಂಗಿಲ್ಲ ಮಗಾ. ನಿನ್ನ ಕೈ ಸಣ್ಣದೈತಿ, ಹಾಕು" ಎಂದರು. ಹುಡುಗಿ ಭುಜದವರೆಗಿನ ಪ್ಲಾಸ್ಟಿಕ್ ಕೈಗವಸು ಹಾಕಿ, ಎಣ್ಣೆ ಸುರಿದುಕೊಂಡು, ಬಿದ್ದಿದ್ದ ಎಮ್ಮೆಯ ಹಿಂದೆ ನೆಲದ ಮೇಲೆ ಒಂದು ಪಕ್ಕಕ್ಕೆ ಮಲಗಿಯೇಬಿಟ್ಟಳು. ಕೆನ್ನೆ ಎಮ್ಮೆಯ ತೊಡೆಗೆ ಒತ್ತಿತ್ತು. ಕಣ್ಣು ಮುಚ್ಚಿದ್ದಳು. ಎಷ್ಟು ಹೊತ್ತು ಎಂದು ನನಗೆ ತಿಳಿಯದು. ನಾನು ಹೇಲ್ ಮೇರಿಯೂ ಹೇಳಿದೆ, ವಿಷ್ಣು ಸಹಸ್ರನಾಮವೂ ಹೇಳಿದೆ. ಕೊನೆಗೆ ಹಗ್ಗ ಕಟ್ಟಿ ಇಬ್ಬರು ಆಳುಗಳು ಎಳೆದಾಗ ಕರು ಪೂರ್ತಿ ಒದ್ದೆಯಾಗಿ ಜಾರಿ ಬಿತ್ತು. ಇವಳು ಅದರ ಮೂಗು ಒರೆಸಿ, ಹುಲ್ಲಿನಿಂದ ತಿಕ್ಕಿ, ಉಸಿರು ಬಂದ ಮೇಲೆ ಹಿಂದಕ್ಕೆ ಕೂತು ನಕ್ಕಳು. ಅಂಥ ನಗು ಅವಳು ಮಗುವಾಗಿದ್ದಾಗ ನೋಡಿದ್ದು.

"ಪಾಡಾ ಹೈ" ಎಂದ ಯಾರೋ ಒಬ್ಬ. ಗಂಡು ಕರು. ಆಳುಗಳು ಹಗ್ಗ ಬಿಚ್ಚಿ ಸುತ್ತತೊಡಗಿದರು.

ಎಮ್ಮೆ ಉಳಿದದ್ದೇ ಸೇಠ್‌ಗೆ ದೊಡ್ಡದು. ಅವನು ಎಲ್ಲರೆದುರು ಬಂದು, ನನ್ನನ್ನು ದಾಟಿ, ಹುಡುಗಿಯ ಮುಂದೆ ನಿಂತು ಕೈ ಮುಗಿದ. "ಡಾಕ್ಟರ್ ಸಾಹೇಬಾ" ಎಂದ. ನಾವು ಕೈಕಾಲು ತೊಳೆದು, ಚಹಾ ಕುಡಿದು ಹೊರಡುವ ಹೊತ್ತಿಗೆ ಸ್ಟೀಲಿನ ಕ್ಯಾನು ತರಿಸಿ ಅವಳ ಕೈಗೆ ಕೊಟ್ಟ. ಆ ಎಮ್ಮೆಯ ಗಿಣ್ಣು ಹಾಲು. ಹೆರಿಗೆ ಮಾಡಿಸಿದ ಡಾಕ್ಟರಿಗೆ ಮೊದಲ ಹಾಲು ಕೊಡುವುದು ಅಲ್ಲಿಯ ರಿವಾಜು. ಬೇಡವೆಂದರೆ ಮನೆಯವರ ಮುಖಕ್ಕೆ ಹೊಡೆದ ಹಾಗೆ. ಹಿರಿಯ ಡಾಕ್ಟರು ಕಣ್ಣಿನಲ್ಲೇ "ತಗೋ" ಎಂದರು. ಅವಳು ಎರಡೂ ಕೈ ಒಡ್ಡಿ ತೆಗೆದುಕೊಂಡಳು, ಪ್ರೈಜ಼್ ಡಿಸ್ಟ್ರಿಬ್ಯೂಶನ್ನಿನಲ್ಲಿ ಕಪ್ ತೆಗೆದುಕೊಂಡ ಹಾಗೆ. ರಿಕ್ಷಾದಲ್ಲೂ, ಟ್ರೇನಿನಲ್ಲೂ ಅದನ್ನು ನನ್ನ ಕೈಗೆ ಕೊಡಲಿಲ್ಲ. ತೊಡೆಯ ಮೇಲೇ ಇಟ್ಟುಕೊಂಡಿದ್ದಳು.

ಮನೆಗೆ ಬಂದವಳೇ ಸ್ನಾನ ಮಾಡಿ ಮಲಗಿದಳು. ನಾನು ಅಡುಗೆಮನೆ ಸೇರಿದೆ. ಬೆಲ್ಲ, ಏಲಕ್ಕಿ, ಚೂರು ಅರಸಿನ. ಇಡ್ಲಿ ಪಾತ್ರೆಯಲ್ಲಿ ಹಬೆಗಿಟ್ಟೆ. ಅರ್ಧ ಹಾಲನ್ನು ಮಾತ್ರ ತೆಗೆದುಕೊಂಡಿದ್ದೆ. ಉಳಿದದ್ದನ್ನು ಮಹಡಿಯ ಮೇಲಿನ ಮರಾಠಿ ಮನೆಯವರಿಗೆಂದು ಫ್ರಿಜ್ಜಿನಲ್ಲಿಟ್ಟೆ, ಅವರು ಖರ್ವಸ್, ಅಂದರೆ ಗಿಣ್ಣು, ಎಂದರೆ ಪ್ರಾಣ ಬಿಡುವವರು. ಸಂಜೆ ಮಗಳು ಬ್ಯಾಂಕಿನಿಂದ ಬರುವಾಗ ಮನೆಯೆಲ್ಲ ಏಲಕ್ಕಿ ಪರಿಮಳ. "ಯಾರು ಕೊಟ್ಟದ್ದು?" ಎಂದಳು. ಸಂಗತಿ ಹೇಳಿದೆ. ಅವಳು ಒಂದು ತುಂಡು ಬಾಯಿಗೆ ಹಾಕಿಕೊಂಡು, "ಡಾಕ್ಟರ್ ಸಾಹೇಬಾ ಅಂದ್ರಾ? ಎಲ್ಲರ ಎದುರಿಗೆ?" ಎಂದು ಕೇಳಿದಳು. ಐ ವಾಸ್ ಸೋ ಹ್ಯಾಪಿ ದಟ್ ಮೊಮೆಂಟ್. ಈ ಒಂದು ತುಂಡಿನಿಂದ ಇವರಿಬ್ಬರ ಜಗಳ ಮುಗಿಯಿತು ಎಂದುಕೊಂಡೆ.

ಹುಡುಗಿ ಎದ್ದು ಬಂದು ತಟ್ಟೆ ಹಿಡಿದು ಕೂತಳು. ಎರಡನೆಯ ತುಂಡು ಹಾಕುವಾಗ ನಾನೇ ಜಂಭದಲ್ಲಿ ಹೇಳಿದೆ: "ನೋಡು, ಹೇಗೆ ಕಟ್ಟಿದೆ! ಅರ್ಧಕ್ಕರ್ಧ ಮಾಮೂಲಿ ಹಾಲು ಬೆರೆಸಿದ್ದೇನೆ, ಆದ್ರೂ ಇಟ್ಟಿಗೆಯ ಹಾಗೆ. ಮೊದಲು ಹಿಂಡಿದ ಹಾಲೇ ಇದು. ಎರಡನೇ ಸಲದ್ದಾದ್ರೆ ಹೀಗೆ ಬರುದಿಲ್ಲ."

ಅವಳ ಚಮಚ ನಿಂತಿತು.

"ಕ್ಯಾನ್ ತುಂಬ ಇತ್ತಾ ಅಮ್ಮಮ್ಮ?"

"ಕಂಠದವರೆಗೆ."

"ಎಲ್ಲ ಇಷ್ಟೇ ಗಟ್ಟಿಯಾ?"

"ಜೇನಿನ ಹಾಗೆ ಹಳದಿ. ಯಾಕೆ?"

ಅವಳು ತಟ್ಟೆ ಕೆಳಗಿಟ್ಟಳು. ಕರು ಕುಡಿದ ಮೇಲೆ ಉಳಿದದ್ದನ್ನು ಕೊಟ್ಟಿದ್ದಾರೆ ಎಂದು ಅವಳು ತಿಳಿದಿದ್ದಳಂತೆ. ಒಂದು ಎಮ್ಮೆ ಒಂದು ಸಲಕ್ಕೆ ಕೊಡುವ ಗಿಣ್ಣು ಹಾಲೆಲ್ಲ ನಮ್ಮ ಕ್ಯಾನಿನಲ್ಲೇ ಇತ್ತೆಂದರೆ ಕರುವಿನ ಬಾಯಿಗೆ ಹನಿಯೂ ಹೋಗಿಲ್ಲ. ಹುಟ್ಟಿದ ಕೆಲವೇ ಗಂಟೆಯೊಳಗೆ ಆ ಹಾಲು ಕುಡಿಯದಿದ್ದರೆ ಕರುವಿಗೆ ರೋಗ ತಡೆಯುವ ಶಕ್ತಿಯೇ ಬರುವುದಿಲ್ಲ, ಆಮೇಲೆ ಕುಡಿದರೂ ಮೈಗೆ ಹತ್ತುವುದಿಲ್ಲ. "ಪರೀಕ್ಷೆಯಲ್ಲಿ ಎಷ್ಟು ಸಲ ಬರ್ದಿದ್ದೇನೆ ಗೊತ್ತುಂಟಾ? ಫುಲ್ ಮಾರ್ಕ್ಸ್. ಅವರು ಕ್ಯಾನ್ ಕೊಟ್ರು, ನಾನು ಪಾಗಲ್ ಥರ ತಗೊಂಡು ಬಂದೆ. ಪೂಛಾ ಭೀ ನಹೀಂ. ಕೇಳಲೂ ಇಲ್ಲ ನಾನು."

"ನೀನೊಬ್ಬಳೇ ಅಲ್ವಲ್ಲ, ದೊಡ್ಡ ಡಾಕ್ಟ್ರೂ ಇದ್ರು" ಎಂದಳು ತಾಯಿ.

"ಹೆರಿಗೆ ಮಾಡಿಸಿದ್ದು ನಾನು ಮಮ್ಮಿ."

ಫ್ರಿಜ್ಜಿನಲ್ಲಿಟ್ಟಿದ್ದ ಹಾಲನ್ನು ಬಿಸಿನೀರಿನಲ್ಲಿಟ್ಟು ಬೆಚ್ಚಗೆ ಮಾಡಿ ನನ್ನ ಫ್ಲಾಸ್ಕಿಗೆ ಸುರಿದಳು. ನಾನೂ ಚಪ್ಪಲಿ ಮೆಟ್ಟಿದೆ. ಆ ಹೊತ್ತಿಗೆ ಕಲ್ಯಾಣದ ಕಡೆ ಹೋಗುವ ಲೋಕಲ್ ಎಂದರೆ ಹೇಳುವುದು ಬೇಡ, ಆಫೀಸು ಬಿಟ್ಟ ಇಡೀ ಮುಂಬಯಿ ಅದರಲ್ಲಿ. ಲೇಡೀಸ್ ಡಬ್ಬದಲ್ಲಿ ನಾನು ಬಾಗಿಲ ಕಂಬ ಹಿಡಿದು, ಅವಳು ಫ್ಲಾಸ್ಕನ್ನು ಎದೆಗೆ ಅಪ್ಪಿ ನಿಂತೆವು. "ಆಂಟಿ, ಬಾಳಾಲಾ ದೂಧ್ ಕಾ?" ಎಂದು ಒಬ್ಬ ಹೆಂಗಸು ಕೇಳಿದಳು, ಮಗುವಿಗೆ ಹಾಲಾ ಎಂದು. ಹುಡುಗಿ "ಹೋ", ಹೌದು, ಎಂದಳು. ಆ ಹೆಂಗಸು ಮೊಣಕೈಯಲ್ಲೇ ಎಲ್ಲರನ್ನೂ ತಳ್ಳಿ ನಮಗೆ ಜಾಗ ಮಾಡಿಕೊಟ್ಟಳು.

ತಬೇಲಾದಲ್ಲಿ ಸಂಜೆಯ ಹಾಲು ಹಿಂಡುವ ಗಡಿಬಿಡಿ. ಕರು ಗೋಡೆಯ ಬದಿಗೆ, ತಾಯಿಗೆ ಕಾಣದ ಹಾಗೆ ಗೋಣಿಯ ಮೇಲೆ ಬಿದ್ದಿತ್ತು. ಇವಳು ಹತ್ತಿರ ಕೂತು, ಚೀಲದಿಂದ ನಿಪ್ಪಲಿನ ಬಾಟಲಿ ತೆಗೆದು ಹಾಲು ತುಂಬಿ ಅದರ ಬಾಯಿಗೆ ಹಿಡಿದಳು. ಮೊದಲು ಹಾಲು ಪಕ್ಕದಿಂದ ಸುರಿಯಿತು. ಆಮೇಲೆ ಒಂದು ಗುಟುಕು, ಇನ್ನೊಂದು. ಸುತ್ತ ಜನ ಸೇರಿದರು. ಸೇಠ್ ಬಂದು ಫ್ಲಾಸ್ಕ್ ನೋಡಿದ, ನನ್ನನ್ನು ನೋಡಿದ.

"ಜೋ ಆಪ್‌ಕೋ ದಿಯಾ, ವೋ ಪಾಡೇ ಕೋ ಪಿಲಾ ರಹೇ ಹೋ?" ನಿಮಗೆಂದು ಕೊಟ್ಟದ್ದನ್ನು ಈ ಗಂಡು ಕರುವಿಗಾ? ಅವನ ದನಿಯಲ್ಲಿ ಸಿಟ್ಟಿಗಿಂತ ನೋವೇ ಹೆಚ್ಚಿತ್ತು. ಆಳುಗಳ ಎದುರು ಅವನ ಕೊಡುಗೆ ವಾಪಸ್ ಬಂದಿತ್ತು.

ನಾನು ನನ್ನ ಕಾನ್ವೆಂಟ್ ಹಿಂದಿಯಲ್ಲಿ ನಡುವೆ ಬಾಯಿ ಹಾಕಿದೆ. ನಮ್ಮ ಊರಲ್ಲಿ ಕೋಣ ಎಂದರೆ ಹುರುಳಿ ಬೇಯಿಸಿ ಹಾಕಿ, ಎಣ್ಣೆ ಹಚ್ಚಿ ಸಾಕುತ್ತಾರೆ, ಕಂಬಳದ ಗದ್ದೆಯಲ್ಲಿ ಓಡಿಸುತ್ತಾರೆ, ಗೆದ್ದರೆ ಮನೆತನಕ್ಕೇ ಹೆಸರು ಎಂದೆ.

"ತೋ ಲೇ ಜಾಯಿಯೇ ಮಾತಾಜಿ" ಎಂದ ಸೇಠ್. "ಡೊಂಬಿವಲಿ ಮೇಂ ದೌಡಾಯಿಯೇ."

ಆಳುಗಳು ಗೊಳ್ಳೆಂದು ನಕ್ಕರು. ಕರೆದುಕೊಂಡು ಹೋಗಿ ಡೊಂಬಿವಲಿಯಲ್ಲಿ ಓಡಿಸಿ! ನನಗೂ ನಗು ಬರುತ್ತಿತ್ತೋ ಏನೋ, ಆದರೆ ಹುಡುಗಿ ಎದ್ದು ನಿಂತು ನೇರವಾಗಿ ಕೇಳಿಬಿಟ್ಟಳು: ನಾಳೆ ಇದಕ್ಕೆ ಹಾಲು ಕೊಡುತ್ತೀರೋ ಇಲ್ಲವೋ? ಸೇಠ್ ಸಮಾಧಾನದಲ್ಲೇ ಉತ್ತರ ಕೊಟ್ಟ. ಹೆಣ್ಣಾಗಿದ್ದರೆ ಸಾಕುತ್ತಿದ್ದೆ. ಇದು ಕುಡಿದಷ್ಟೂ ಹಾಲು ಗಿರಾಕಿಯದ್ದು. ನಿಮ್ಮ ಮನೆಗೂ ಯಾವುದೋ ತಬೇಲಾದ ಹಾಲೇ ಬರುತ್ತದಲ್ಲ, ಬೇಟಿ?

ಹುಡುಗಿ ಕೂತು ಬಾಟಲಿಯನ್ನು ಮತ್ತೆ ಕರುವಿನ ಬಾಯಿಗೆ ಹಿಡಿದಳು. ನನ್ನ ಯಜಮಾನರು ಥಾಣೆ ಸ್ಟೇಶನ್ ಹತ್ತಿರ ಮೂವತ್ತು ವರ್ಷ ಹೋಟೆಲು ನಡೆಸಿದವರು. ನಮ್ಮ ಕಾಫಿಗೆ ಎಷ್ಟು ಕ್ಯಾನು ಹಾಲು ಬರುತ್ತಿತ್ತೋ. ಆ ಹಾಲಿನ ಹಿಂದೆ ಕರುವೊಂದು ಇರುತ್ತದೆ ಎಂಬುದು, ವೆರಿ ಹಾನೆಸ್ಟ್‌ಲಿ, ನನ್ನ ತಲೆಗೆ ಎಂದೂ ಬಂದಿರಲಿಲ್ಲ.

ಅವಳು ಮರುದಿನವೂ ಹೋದಳು, ಅದರ ಮರುದಿನವೂ. ಕರುವಿಗೆ ಭೇದಿ ಹತ್ತಿತು. ಸಲೈನ್ ಹಾಕಿದಳು. ವಾರ ತುಂಬುವ ಮೊದಲೇ ಅದು ಸತ್ತಿತು. ಸೇಠ್ ಹಿರಿಯ ಡಾಕ್ಟರಿಗೆ ಫೋನ್ ಮಾಡಿ, ಇನ್ನು ಮುಂದೆ ನೀವೇ ಬನ್ನಿ, ಹುಡುಗಿಯನ್ನು ಕಳುಹಿಸಬೇಡಿ ಎಂದನಂತೆ. ಒಬ್ಬ ಸೇಠ್ ಹಾಗೆಂದರೆ ಉಳಿದವರೂ ಹೇಳುತ್ತಾರೆ. ಅವಳು ಅಲ್ಲಿ ಡಾಕ್ಟರಾಗಿ ಉಳಿಯುವುದೇ ಅನುಮಾನವಾಯಿತು.

ಹಿರಿಯ ಡಾಕ್ಟರು ನಮ್ಮ ಮನೆಗೇ ಬಂದರು. ಸೋಫಾದ ತುದಿಯಲ್ಲಿ ಕೂತು, ಕೊಟ್ಟ ಚಹಾ ಆರಿಹೋಗುವವರೆಗೂ ಮುಟ್ಟಲಿಲ್ಲ.

"ಕ್ಯಾನ್ ತಗೋ ಅಂತ ನಾನs ಹೇಳಿದ್ನಲ್ಲ ಮಗಾ. ನಂಗೂ ಗೊತ್ತಿತ್ತು."

"ಗೊತ್ತಿತ್ತಾ ಸರ್?"

"ಇಷ್ಟು ವರ್ಷ ಆತು, ಗೊತ್ತಿಲ್ದ ಇರ್ತದ? ಕರು ಸತ್ರ ಎಮ್ಮಿ ಹಾಲು ಬಿಡಂಗಿಲ್ಲ, ಅದಕ್ಕ ಹಾಲಿಳಸೋ ಸೂಜಿ ಐತಿ. ಸೂಜಿ ಬ್ಯಾಡಂತ ಮೊದಲೆಲ್ಲ ಜಗಳಾಡ್ತಿದ್ದೆ. ನಾವು ಎಮ್ಮಿ ಡಾಕ್ಟ್ರಲ್ಲ ಮಗಾ, ಹಾಲಿನ ಡಾಕ್ಟ್ರು. ಹಾಲು ನಿಂತ್ರ ಕರೀತಾರ, ಬಂದ್ರ ಕಳಸ್ತಾರ."

"ಮತ್ತೆ ಯಾಕೆ ಈ ಕೆಲಸ ಬಿಡಲಿಲ್ಲ ನೀವು?"

"ಬಿಟ್ರ ಆ ಎಮ್ಮಿ ಹೊಟ್ಟಿಯೊಳಗ ಕೈ ಹಾಕಾವ್ರು ಯಾರು? ಅವನs ಆಳುಗೋಳು ಹಗ್ಗ ಕಟ್ಟಿ ಎಳೀತಾರ. ತಾಯಿ ಕರು ಎರಡೂ ಹೋಗ್ತಾವ." ಸ್ವಲ್ಪ ತಡೆದು, "ಐರೋಲಿಗೆ ಹೋಗು. ಅಲ್ಲೂ ಡಾಕ್ಟ್ರು ಬೇಕು. ನಾ ಏನೂ ಅನ್ನಂಗಿಲ್ಲ" ಎಂದರು.

ನನ್ನ ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಅವರು ಹೋದ ಮೇಲೆ ಐರೋಲಿಗೆ ಫೋನ್ ಮಾಡಿ ಸೋಮವಾರದಿಂದ ಬರುತ್ತಾಳೆ ಎಂದಳು. ಹುಡುಗಿ ಬೇಡವೆನ್ನಲಿಲ್ಲ. ಅವಳ ಜಾಗದಲ್ಲಿ ನಾನಿದ್ದರೆ ಹೋಗುತ್ತಿದ್ದೆ. ಹೋಗಲಿ ಎಂದೇ ನನಗೂ ಇತ್ತು. ಆದರೂ ಸೋಲಿಸಿ ಕಳುಹಿಸಿದ ಹಾಗೆ ಆಗುತ್ತಿತ್ತು.

ಐರೋಲಿಗೆ ಹೋಗತೊಡಗಿದಳು. ಸಂಜೆ ಬಂದು ನಾಯಿಗಳ ತಮಾಷೆ ಹೇಳುತ್ತಿದ್ದಳು: ಬರ್ತ್‌ಡೇ ಕೇಕ್ ತಿಂದು ವಾಂತಿ ಮಾಡಿದ ಪಗ್, ಇಡೀ ದಿನ ಫ್ಲಾಟಿನಲ್ಲಿ ಒಂಟಿಯಾಗಿದ್ದು ತನ್ನ ಕಾಲನ್ನೇ ನೆಕ್ಕಿ ಗಾಯ ಮಾಡಿಕೊಂಡ ಇನ್ನೊಂದು. "ಅದಕ್ಕೆ ಮುಲಾಮು ಬರೆದುಕೊಟ್ಟೆ ಅಮ್ಮಮ್ಮ. ಬೇರೆ ಎಂತ ಬರ್ಕೊಡುದು?" ಎಂದಳು.

ಮಳೆಗಾಲ ಹತ್ತಿರವಾದಾಗ ಒಂದು ಭಾನುವಾರ ಸೇಠ್ ಫೋನ್ ಮಾಡಿದ. ಹಿರಿಯ ಡಾಕ್ಟರಿಗಲ್ಲ, ನೇರವಾಗಿ ಅವಳಿಗೆ. ಇನ್ನೊಂದು ಎಮ್ಮೆ, ಅವನ ತಬೇಲಾದಲ್ಲೇ ಎಲ್ಲಕ್ಕಿಂತ ಹೆಚ್ಚು ಹಾಲಿನದ್ದು, ಬೆಳಿಗ್ಗೆಯಿಂದ ಬಿದ್ದಿದೆ. ಹಿರಿಯ ಡಾಕ್ಟರ ಕೈ ಮೇಲಕ್ಕೇ ಏಳುತ್ತಿಲ್ಲ. ಅವಳು ನಮ್ಮೆಲ್ಲರ ಎದುರಿಗೇ ಮಾತಾಡಿದಳು.

"ಆವೂಂಗಿ, ಬರ್ತೇನೆ. ಆದರೆ ಕರು ಗಂಡಾಗಲಿ ಹೆಣ್ಣಾಗಲಿ, ಮೊದಲು ಅದೇ ಕುಡಿಯಬೇಕು. ಅದು ಕುಡಿಯುವವರೆಗೆ ನಾನು ಅಲ್ಲಿಂದ ಹೋಗುದಿಲ್ಲ. ಆಮೇಲೆ ದಿನಾ ಬಂದು ನೋಡ್ತೇನೆ." ಇಷ್ಟನ್ನೂ ಹಿಂದಿಯಲ್ಲೇ ನಿಧಾನವಾಗಿ, ಮಕ್ಕಳಿಗೆ ಪಾಠ ಹೇಳಿದ ಹಾಗೆ ಹೇಳಿದಳು. ಆಚೆಯಿಂದ ಏನೋ ಕೇಳಿತು. "ನಹೀಂ ಸೇಠ್‌ಜಿ. ಪೆಹಲೇ ಬೋಲಿಯೇ" ಎಂದಳು. ಮೊದಲು ಮಾತು ಕೊಡಿ. ಆಚೆ ಎಮ್ಮೆ ಸಾಯುತ್ತಿದೆ, ಇವಳು ಇಲ್ಲಿ ಚೌಕಾಸಿ ಮಾಡುತ್ತಿದ್ದಾಳೆ. ಸೇಠ್ ಇಲ್ಲ ಎಂದಿದ್ದರೂ ಅವಳು ಓಡಿಹೋಗುತ್ತಿದ್ದಳು, ಅದು ನನಗೆ ಗೊತ್ತಿತ್ತು. ಅವನಿಗೆ ಗೊತ್ತಿರಲಿಲ್ಲ. ಹೂಂ ಎಂದ.

ನಾನು ಚಪ್ಪಲಿ ಹುಡುಕುತ್ತಿದ್ದೆ.

"ನೀವು ಬೇಡ ಅಮ್ಮಮ್ಮ. ನೀವಿದ್ರೆ ಅವರು ನಿಮ್ಮ ಹತ್ರ ಮಾತಾಡ್ತಾರೆ."

ತಾಯಿಯ ಮುಖ ನೋಡಿದೆ. ಒಬ್ಬಳನ್ನೇ ಬಿಡುವುದಿಲ್ಲ ಎನ್ನುತ್ತಾಳೆಂದು ಕಾದೆ. ಅವಳು ಒಳಗೆ ಹೋಗಿ ಹಳೆಯ ಟವೆಲ್ ಎರಡು ತಂದು ಮಗಳ ಚೀಲಕ್ಕೆ ತುರುಕಿದಳು.

ಕತ್ತಲಾಗುವಾಗ ಬಂದಳು. ಗಂಡು ಕರು. ತಾಯಿಯೂ ಕರುವೂ ಉಳಿದಿದ್ದವು. ಕರು ಎದ್ದು ನಿಂತು, ಬಿದ್ದು, ಮತ್ತೆ ಎದ್ದು ಕೆಚ್ಚಲು ಹುಡುಕುವವರೆಗೂ ಇವಳು ಅಲ್ಲಿಂದ ಕದಲಲಿಲ್ಲವಂತೆ. ಸೇಠ್ ಖಾಲಿ ಕ್ಯಾನು ಹಿಡಿದು ಪಕ್ಕದಲ್ಲೇ ನಿಂತಿದ್ದನಂತೆ. ಮರುದಿನದಿಂದ ಐರೋಲಿಗೆ ಮಧ್ಯಾಹ್ನದ ಮೇಲೆ ಬರುತ್ತೇನೆಂದು ಅವಳೇ ಹೇಳಿಕೊಂಡಳು. ಬೆಳಿಗ್ಗೆ ಕಲ್ಯಾಣ. ತಾಯಿ ಮಗಳು ಈ ವಿಷಯದಲ್ಲಿ ಮತ್ತೆ ಮಾತು ಬಿಟ್ಟರು, ಆದರೆ ಅವಳ ಊಟದ ಡಬ್ಬಿ ಮಾತ್ರ ಬೆಳಿಗ್ಗೆ ಬೇಗನೆ ತಯಾರಾಗುತ್ತಿತ್ತು.

ಆ ಕರು ಚೆನ್ನಾಗಿ ಚಿಗಿತಿತು. ಹಣೆಯಲ್ಲಿ ಬಿಳಿ ಚುಕ್ಕೆಯಿತ್ತಂತೆ. ಅವಳನ್ನು ಕಂಡರೆ ಹಗ್ಗ ಜಗ್ಗುತ್ತಿತ್ತಂತೆ. ಫೋನಿನಲ್ಲಿ ಫೋಟೋ ತೋರಿಸಿದ್ದಳು. ಮಳೆ ಸರಿಯಾಗಿ ಹಿಡಿದ ಮೇಲೆ ಒಂದು ದಿನ ಊಟಕ್ಕೆ ಕೂತಾಗ ನಾನು ಎಂದಿನ ಹಾಗೆ ಕೇಳಿದೆ, "ನಿನ್ನ ಕೋಣ ಹೇಗುಂಟು?"

"ಇಲ್ಲ. ಮಾರಿದ್ರಂತೆ."

"ಯಾರಿಗೆ?"

ಗಂಡು ಕರುವನ್ನು ಕಸಾಯಿಯಲ್ಲದೆ ಯಾರು ಕೊಳ್ಳುತ್ತಾರೆಂದು ಕೇಳಿದ ಮೇಲೆ ನನಗೆ ಹೊಳೆಯಿತು. ಅವಳು ಅನ್ನಕ್ಕೆ ಸಾರು ಕಲಸುತ್ತಿದ್ದಳು. "ಕೇಳಲಿಲ್ಲ ಅಮ್ಮಮ್ಮ. ಅಲ್ಲಿ ಇನ್ನೊಂದು ಎಮ್ಮೆ ಬೇನೆ ತಿನ್ತಾ ಇತ್ತು."

ಆ ಎಮ್ಮೆಯದ್ದು ಏನಾಯಿತೆಂದು ಕೇಳಬೇಕೆಂದಿದ್ದೆ. ಅಷ್ಟರಲ್ಲಿ ನನ್ನ ಮಗಳು ಬಂದು, ಯಾರೂ ಕೇಳದಿದ್ದರೂ, ಅವಳ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದಳು. ಹುಡುಗಿ ತಲೆ ತಗ್ಗಿಸಿ ಎಲ್ಲವನ್ನೂ ಉಂಡಳು. ಬೆಳಿಗ್ಗೆ ಬೇಗ ಏಳಬೇಕು ಎಂದು ಮಲಗಲು ಹೋದಳು.